ಅತ್ತೆ-ಮಾವನೊಂದಿಗೆ ಮಾಲ್ಡೀವ್ಸ್‌ಗೆ

ಪ್ರಶ್ನೆ: ಎಪ್ಪತ್ತು ದಾಟಿದ, ಶುದ್ಧ ಸಸ್ಯಾಹಾರಿಗಳಾದ ಅತ್ತೆ-ಮಾವನನ್ನು ಮಾಲ್ಡೀವ್ಸ್‌ನ ರೆಸಾರ್ಟ್‌ಗೆ ಕರೆದೊಯ್ಯಬಹುದೇ?

ಉತ್ತರ: ಖಂಡಿತ ಕರೆದೊಯ್ಯಿರಿ. ಆದರೆ ಕೋಣೆಯ ಫೋಟೊಗಿಂತ ಮೊದಲು ದಾರಿಯನ್ನು ವಿಚಾರಿಸಿ. ಅಲ್ಲಿ ಸಾಮಾನ್ಯವಾಗಿ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. ದೂರದ ದ್ವೀಪಗಳಿಗೆ ಒಯ್ಯುವ ಸೀಪ್ಲೇನ್ ಹಗಲಲ್ಲಿ ಮಾತ್ರ ಹಾರುತ್ತದೆ. ನಿಮ್ಮ ವಿಮಾನ ಸಂಜೆ ಇಳಿದರೆ ಆ ರಾತ್ರಿ ರಾಜಧಾನಿ ಮಾಲೆಯಲ್ಲೇ ಕಳೆಯಬೇಕಾದೀತು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ನೈರುತ್ಯ ಮಾರುತದ ಕಾಲ, ಕಡಲು ಒರಟಾಗಿರುತ್ತದೆ. ಆಗ ಹತ್ತಿರದ ದ್ವೀಪಗಳಿಗೆ ಒಯ್ಯುವ ಸ್ಪೀಡ್‌ಬೋಟಿನ ಕುಲುಕಾಟ ಸೊಂಟನೋವಿನ ಹಿರಿಯರಿಗೆ ನಿಜಕ್ಕೂ ಹಿಂಸೆ. ಹಾಗಾಗಿ ಜನವರಿಯಿಂದ ಮಾರ್ಚ್ ಒಳಗೆ, ಮಾಲೆಗೆ ಹತ್ತಿರದ ದ್ವೀಪವನ್ನೇ ಆರಿಸಿ.

ಊಟದ ವಿಷಯದಲ್ಲಿ ಸಂಕೋಚ ಬೇಡ. ಒಣಗಿಸಿದ ಟ್ಯೂನಾ ಮೀನು ಅಲ್ಲಿನ ಅಡುಗೆಯ ಜೀವಾಳ. ತರಕಾರಿ ಪದಾರ್ಥಕ್ಕೂ ಬಿದ್ದಿರಬಹುದು. ಬೇಡವೆಂದು ಎದ್ದುಹೋಗಲು ಹೊರಗೆ ಬೇರೆ ಹೋಟೆಲ್ ಇರುವುದಿಲ್ಲ. ಬುಕಿಂಗ್‌ಗೆ ಮೊದಲೇ ಶುದ್ಧ ಸಸ್ಯಾಹಾರ ಬೇಕೆಂದು ಇಮೇಲ್‌ನಲ್ಲಿ ಬರೆದು, ಉತ್ತರ ಪಡೆಯಿರಿ. ಅವಲಕ್ಕಿ, ಚಟ್ನಿಪುಡಿಯೂ ಜೊತೆಗಿರಲಿ.

ಭಾರತೀಯರಿಗೆ ಪ್ರವಾಸಿ ವೀಸಾ ಇಳಿದ ಮೇಲೆ ಉಚಿತವಾಗಿ ಸಿಗುತ್ತದೆ. ಬಾಡಿಗೆಯಲ್ಲಿ ತೆರಿಗೆ ಸೇರಿದೆಯೇ ಕೇಳಿ: 2025ರಿಂದ ರೆಸಾರ್ಟ್‌ಗಳಲ್ಲಿ ಹಸಿರು ತೆರಿಗೆಯೇ ತಲೆಗೆ ದಿನಕ್ಕೆ 12 ಡಾಲರ್. ನೀರಿನ ಮೇಲಿನ ಕೋಣೆ ದುಬಾರಿ, ಮೆಟ್ಟಿಲುಗಳ ಕಾಟವೂ ಇರಬಹುದು. ನಿಮ್ಮ ಅತ್ತೆ-ಮಾವನಿಗೆ ದಡದ ಮೇಲಿನ ಕೋಣೆಯೇ ಸರಿ.