ಒಣ ಹುಲ್ಲಿಗೆ ಯೂರಿಯಾ ಉಪಚಾರ

ಬಡವರಿಗೆ ಹೊಂದುವ ತಂತ್ರವು ಊರಲ್ಲೇ ಸಿಗುವ ಸಾಮಾನಿನಿಂದ, ಮನೆಯವರ ಕೈಯಿಂದಲೇ ಆಗಬೇಕು. ಯೂರಿಯಾ ಉಪಚಾರ ಅಂಥದ್ದು. ಮುದಗಲ್ ಭಾಗದಲ್ಲಿ ಬೇಸಿಗೆಗೆ ಹಸಿರು ಮೇವಿನ ಕೊರತೆ. ಸಿಂಧನೂರಿನ ಕಾಲುವೆ ಭಾಗದಲ್ಲಿ ಭತ್ತದ ಹುಲ್ಲು ಹೇರಳ. ಆದರೆ ಅದರಲ್ಲಿ ಸಸಾರಜನಕ ಕಡಿಮೆ.

100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿರಿ. ಹುಲ್ಲನ್ನು ಪದರವಾಗಿ ಹರಡಿ, ದ್ರಾವಣವನ್ನು ಸಮನಾಗಿ ಚಿಮುಕಿಸಿ, ತುಳಿದು, ಪ್ಲಾಸ್ಟಿಕ್ ಹಾಳೆಯಿಂದ ಗಾಳಿಯಾಡದಂತೆ ಮುಚ್ಚಿರಿ. 21 ದಿನಗಳಲ್ಲಿ ಹುಲ್ಲು ಮೆತ್ತಗಾಗಿ, ಸಸಾರಜನಕ ಸುಮಾರು ಇಮ್ಮಡಿಯಾಗುತ್ತದೆ. ಘಾಟು ಹೋಗುವವರೆಗೆ ಗಾಳಿಗೆ ಹರಡಿ, ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿರಿ.

ಎಚ್ಚರಿಕೆ: ಯೂರಿಯಾ ನೀರನ್ನು ದನ ಕುಡಿದರೆ ಪ್ರಾಣಕ್ಕೇ ಅಪಾಯ. 6 ತಿಂಗಳೊಳಗಿನ ಕರುಗಳಿಗೆ ಈ ಹುಲ್ಲು ಬೇಡ. ಹೊಟ್ಟೆಯುಬ್ಬರ, ನಡುಕ ಕಂಡರೆ ತಡಮಾಡದೆ ಪಶುವೈದ್ಯರನ್ನು ಕರೆಸಿರಿ.