ಜಲೋದರ: ಮೂಲ ಯಕೃತ್ತೋ, ಹೃದಯವೋ?

ಹೊಟ್ಟೆಯಲ್ಲಿ ನೀರು ತುಂಬುವ ಜಲೋದರಕ್ಕೆ ಹೆಚ್ಚಾಗಿ ಯಕೃತ್ತಿನ ಕಾಯಿಲೆಯೇ ಕಾರಣ. ಆದ್ದರಿಂದ ಹೊಟ್ಟೆ ಉಬ್ಬಿದವರನ್ನು ಕಂಡೊಡನೆ ‘ಲಿವರ್ ಕೆಟ್ಟಿದೆ’ ಎನ್ನುವುದು ರೂಢಿ. ಎಂದೂ ಮದ್ಯ ಮುಟ್ಟದವರೂ ಆಗ ಕುಡುಕರೆಂಬ ಅಪವಾದ ಹೊರಬೇಕಾಗುತ್ತದೆ. ಆದರೆ ಕೆಲವರಲ್ಲಿ ದೋಷದ ಮೂಲ ಹೃದಯದ ಹೊರಕವಚದಲ್ಲಿರುತ್ತದೆ. ವಿರಳವಾದ ಈ ರೋಗವನ್ನು ಸಕಾಲದಲ್ಲಿ ಗುರುತಿಸಿದರೆ ಬಹುಮಟ್ಟಿಗೆ ಗುಣಪಡಿಸಬಹುದು.

ಹೃದಯವನ್ನು ತೆಳುವಾದ ಚೀಲವೊಂದು ಆವರಿಸಿದೆ. ಇದೇ ಹೃದಯಾವರಣ. ಸೋಂಕು, ಎದೆಗೆ ನೀಡಿದ ವಿಕಿರಣ ಚಿಕಿತ್ಸೆ ಅಥವಾ ಹೃದಯದ ಶಸ್ತ್ರಚಿಕಿತ್ಸೆಯ ತರುವಾಯ ಈ ಚೀಲ ಗಡುಸಾಗಬಹುದು. ನಮ್ಮ ದೇಶದಲ್ಲಿ ಇದಕ್ಕೆ ಮುಖ್ಯ ಕಾರಣ ಕ್ಷಯ. ಗಡುಸಾದ ಚೀಲದೊಳಗೆ ಹೃದಯ ಹಿಗ್ಗಲಾರದು, ಬಂದ ರಕ್ತವನ್ನು ಪೂರ್ಣ ತುಂಬಿಕೊಳ್ಳಲಾರದು. ನೀರು ಮುಂದೆ ಹರಿಯದಿದ್ದರೆ ಹೊಲ ಜವಳಾಗುವಂತೆ, ರಕ್ತ ಹಿಂದೆ ನಿಂತು ಯಕೃತ್ತು ಬಾಯುತ್ತದೆ, ಹೊಟ್ಟೆಯಲ್ಲಿ ನೀರು ಸೇರುತ್ತದೆ.

ಭೇದ ತಿಳಿಯುವ ಬಗೆ ಹೀಗಿದೆ.

ಮೊದಲನೆಯದು ಕುತ್ತಿಗೆ. ನೆಟ್ಟಗೆ ಕುಳಿತಾಗಲೂ ಕುತ್ತಿಗೆಯ ರಕ್ತನಾಳ ಉಬ್ಬಿದ್ದರೆ ಹೃದಯವನ್ನು ಶಂಕಿಸಬೇಕು. ಉಸಿರೆಳೆದಾಗ ಆ ಉಬ್ಬು ಇಳಿಯುವುದು ಸಹಜ. ಈ ರೋಗದಲ್ಲಿ ಇಳಿಯದು, ಏರಲೂಬಹುದು. ಜರ್ಮನಿಯ ವೈದ್ಯ ಅಡಾಲ್ಫ್ ಕುಸ್‌ಮೌಲ್ 1873ರಲ್ಲಿ ಈ ಲಕ್ಷಣವನ್ನು ವಿವರಿಸಿದರು. ಬರಿಯ ಯಕೃತ್ತಿನ ರೋಗದಲ್ಲಿ ಸಾಮಾನ್ಯವಾಗಿ ನಾಳ ಹೀಗೆ ಉಬ್ಬದು.

ಎರಡನೆಯದು ಹೊಟ್ಟೆಯ ನೀರು. ಅದರ 100 ಮಿ.ಲೀ.ನಲ್ಲಿ ಪ್ರೋಟೀನ್ 2.5 ಗ್ರಾಂಗಿಂತ ಹೆಚ್ಚಿದ್ದರೆ ಹೃದಯದ ಕಾರಣವನ್ನೂ ಶೋಧಿಸಬೇಕು.

ಮೂರನೆಯದು ಎಕೋ ಪರೀಕ್ಷೆ. ‘ಹೃದಯದ ಪಂಪಿಂಗ್ ಸರಿಯಿದೆ’ ಎಂದಮಾತ್ರಕ್ಕೆ ಈ ರೋಗವಿಲ್ಲವೆಂದಲ್ಲ. ಇಲ್ಲಿ ಕೆಡುವುದು ರಕ್ತ ತುಂಬಿಕೊಳ್ಳುವ ಕ್ರಿಯೆ. ಚೀಲದಲ್ಲಿ ಸುಣ್ಣದಂಶ ಕಟ್ಟಿದ್ದರೆ ಸಿ.ಟಿ. ಸ್ಕ್ಯಾನ್ ತೋರಿಸುತ್ತದೆ.

ಇನ್ನೊಂದು ಭ್ರಮೆಗೂ ಅವಕಾಶವಿದೆ. ಚೀಲ ಸರಿಯಿದ್ದು ಹೃದಯದ ಸ್ನಾಯುವೇ ಬಿರುಸಾದಾಗಲೂ ಲಕ್ಷಣಗಳು ಇವೇ. ಚೀಲವನ್ನು ತೆಗೆಯುವ ಶಸ್ತ್ರಚಿಕಿತ್ಸೆ ಮೊದಲನೆಯದಕ್ಕೆ ಪರಿಹಾರ, ಎರಡನೆಯದಕ್ಕೆ ನಿಷ್ಪ್ರಯೋಜಕ. ಆದ್ದರಿಂದ ಎಂ.ಆರ್.ಐ. ಹಾಗೂ ಹೃದಯದೊಳಗಿನ ಒತ್ತಡದ ಅಳತೆ ಕೆಲವೊಮ್ಮೆ ಅನಿವಾರ್ಯ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಸದ್ಭಕ್ತರು ಗಮನಿಸಬೇಕಾದುದಿಷ್ಟು. ಹೊಟ್ಟೆ ಉಬ್ಬಿದವರಿಗೆ ಹಿಂದೆ ಕ್ಷಯ ಬಂದಿದ್ದರೆ ಸಂಕೋಚಪಡದೆ ವೈದ್ಯರಿಗೆ ತಿಳಿಸಿರಿ. ಎಕೋ ಅಗತ್ಯವೇ ಎಂದು ಕೇಳಿರಿ. ಕ್ಷಯದ ಔಷಧಿ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಸಾಮಾನ್ಯವಾಗಿ 6 ತಿಂಗಳ ಆ ಚಿಕಿತ್ಸೆಯನ್ನು ನಡುವೆ ಬಿಡಬಾರದು. ಚೀಲ ಗಡುಸಾಗುವ ಮೊದಲ ಹಂತದಲ್ಲಿ ಕೆಲವರಿಗೆ ಔಷಧಿಯೇ ಸಾಕಾಗುತ್ತದೆ. ತಡವಾದಷ್ಟೂ ಯಕೃತ್ತು ನಿಜವಾಗಿಯೇ ಕೆಡುತ್ತದೆ, ಶಸ್ತ್ರಚಿಕಿತ್ಸೆಯ ಅಪಾಯವೂ ಹೆಚ್ಚುತ್ತದೆ.