ಕೊನೆಯ 200 ಮೀಟರ್‌ಗೆ ಯಾವ ದೋಣಿ?

ಹಾಯಿದೋಣಿಯಲ್ಲಿ ಊರೂರು ಸುತ್ತುವವರಿಗೆ ಎಲ್ಲ ಕಡೆ ದಡದವರೆಗೂ ಬರೋಕೆ ಆಗಲ್ಲ. ದೋಣಿಯ ತಳದಲ್ಲಿ ಕೀಲ್ ಇರುತ್ತೆ, ಅದಕ್ಕೆ ಆಳವಾದ ನೀರು ಬೇಕು. ಹಾಗಾಗಿ ದೂರದಲ್ಲೇ ಲಂಗರು ಹಾಕಿ, ಪುಟ್ಟ ದೋಣಿಯಲ್ಲಿ ದಡಕ್ಕೆ ಬರ್ತಾರೆ. ಅದೇ ಡಿಂಗಿ. ಈ ಪದ ಇಂಗ್ಲಿಷಿಗೆ ಹೋಗಿದ್ದೇ ಭಾರತದಿಂದ! ತರಕಾರಿ, ಕುಡಿಯುವ ನೀರು, ಡೀಸೆಲ್ ಎಲ್ಲವೂ ಇದರಲ್ಲೇ ಬರಬೇಕು.

ಆಯ್ಕೆ ಹೇಗೆ?

1. ಮರ ಅಥವಾ ಫೈಬರ್‌ಗ್ಲಾಸ್ ಡಿಂಗಿ: ಹುಟ್ಟು ಹಾಕೋಕೆ ಸುಲಭ, ಬಾಳಿಕೆ ಜಾಸ್ತಿ. ಆದರೆ ಬೇಗ ವಾಲುತ್ತೆ.

2. ಗಾಳಿ ತುಂಬುವ ಡಿಂಗಿ: ಮಡಚಿಡಬಹುದು, ಸುಲಭವಾಗಿ ಮಗುಚಲ್ಲ. ಆದರೆ ಎದುರುಗಾಳಿಯಲ್ಲಿ ಹುಟ್ಟು ಹಾಕೋದು ಕಷ್ಟ. ಪಿವಿಸಿ ಅಗ್ಗ, ಆದರೆ ಕೆರಿಬಿಯನ್‌ನಂಥ ಕಡೆಯ ಬಿಸಿಲಿಗೆ ಬೇಗ ಹಾಳಾಗುತ್ತೆ. ಹೈಪಲಾನ್ ದುಬಾರಿ, ಬಿಸಿಲು ತಡೆಯುತ್ತೆ.

3. ರಿಬ್: ಗಟ್ಟಿ ತಳ, ಸುತ್ತ ಗಾಳಿಯ ಟ್ಯೂಬು. ವೇಗ ಚೆನ್ನಾಗಿದೆ, ಆದರೆ ಇಡೋಕೆ ಜಾಗ ಬೇಕು.

ಮೋಟಾರ್ ಎಷ್ಟು ದೊಡ್ಡದಿರಬೇಕು? ಇಲ್ಲಿ ಸಣ್ಣ ಲೆಕ್ಕ ಮಾಡೋಣ. ನೀರನ್ನು ಸೀಳಿಕೊಂಡು ಹೋಗುವ ದೋಣಿಯ ಗರಿಷ್ಠ ವೇಗ, ನಾಟ್‌ಗಳಲ್ಲಿ, ಸುಮಾರು 1.34 × √ಉದ್ದ. ಉದ್ದ ಅಡಿಗಳಲ್ಲಿರಬೇಕು. 9 ಅಡಿಗೆ 4 ನಾಟ್, ಅಂದರೆ ಗಂಟೆಗೆ ಸುಮಾರು 7.4 ಕಿ.ಮೀ. ಇಷ್ಟು ಸಾಕಾದರೆ 2.5 ಹಾರ್ಸ್‌ಪವರ್ ಮೋಟಾರ್ ಸಾಕು. ತೂಕ 14ರಿಂದ 18 ಕೆ.ಜಿ. ಇನ್ನೂ ವೇಗ ಬೇಕಂದ್ರೆ ದೋಣಿ ನೀರಿನ ಮೇಲೆದ್ದು ಜಾರಬೇಕು. ಅದಕ್ಕೆ 10 ಹಾರ್ಸ್‌ಪವರ್ ಹಾಕಿದರೆ ಮೋಟಾರ್ ಒಂದೇ ಸುಮಾರು 40 ಕೆ.ಜಿ. ಅಲುಗಾಡುವ ದೋಣಿಯಲ್ಲಿ ನಿಂತು ಅದನ್ನ ಎತ್ತೋರು ಯಾರು? ಕೊಳ್ಳೋ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಬಳಸುವಾಗ

ಹಂಪಿಯಲ್ಲಿ ಹರಿಗೋಲು ಹತ್ತಿದವರಿಗೆ ಗೊತ್ತಿರುತ್ತೆ: ನಡುವೆ ಕಾಲಿಡಬೇಕು, ತಕ್ಷಣ ಕೂರಬೇಕು. ನಿಂತರೆ ಗುರುತ್ವ ಕೇಂದ್ರ ಮೇಲೇರಿ ಮೆಟಾಸೆಂಟ್ರಿಕ್ ಎತ್ತರ ಕಡಿಮೆಯಾಗುತ್ತೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ನಾವು ಓದಿದ್ದು ಇದೇ ಅಲ್ವಾ! ಡಿಂಗಿ ಕಟ್ಟೋಕೆ ತೇಲುವ ಹಗ್ಗವೇ ಇರಲಿ, ಮುಳುಗುವ ಹಗ್ಗ ಪ್ರೊಪೆಲರ್‌ಗೆ ಸುತ್ತಿಕೊಳ್ಳುತ್ತೆ. ಮೋಟಾರ್ ಇದ್ರೂ ಹುಟ್ಟು ಬಿಟ್ಟು ಹೋಗಬಾರದು.

ಎಲ್ಲಕ್ಕಿಂತ ಮುಖ್ಯ, ಕಿಲ್ ಕಾರ್ಡ್. ಓಡಿಸುವವರ ಕಾಲಿಗೂ ಮೋಟಾರಿಗೂ ಕಟ್ಟುವ ಸಣ್ಣ ದಾರ ಇದು. ಅವರು ಬಿದ್ದರೆ ಮೋಟಾರ್ ನಿಲ್ಲುತ್ತೆ. 2013ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪ್ಯಾಡ್‌ಸ್ಟೋ ಬಳಿ ದೊಡ್ಡ ರಿಬ್ ಒಂದರಿಂದ ಒಂದೇ ಕುಟುಂಬದ ಆರು ಜನ ನೀರಿಗೆ ಬಿದ್ದರು. ಕಿಲ್ ಕಾರ್ಡ್ ಕಟ್ಟಿರಲಿಲ್ಲ. ಖಾಲಿ ದೋಣಿ ಸುತ್ತು ಹೊಡೆದು ಅವರ ಮೇಲೇ ಬಂತು. ತಂದೆ ಮತ್ತು ಎಂಟು ವರ್ಷದ ಮಗಳು ತೀರಿಕೊಂಡರು.

ದಡ ಹತ್ತಿರ ಇದೆ ಅಂತ ಲೈಫ್ ಜಾಕೆಟ್ ಹಾಕದವರು, ದಾರ ಕಟ್ಟದವರು ಬಹಳ. ನಾವು ಪಕ್ಕದ ಬೀದಿಗೆ ಹೆಲ್ಮೆಟ್ ಇಲ್ಲದೆ ಹೋಗೋದೂ ಹೀಗೇ. ದೂರ ಕಡಿಮೆ ಇರಬಹುದು, ನೀರು ಅಷ್ಟೇ ಆಳ.